ಬಣ್ಣ ಬದಲಿಸಿದ ಹಳೆಯ ಗುಲಾಬಿಗಳು: ತಾಯಿಗಿಡ ಬೇಕೋ, ಸ್ಪೋರ್ಟ್ ಬೇಕೋ?

ಗಿಡ ಒಂದೇ, ಆದರೆ ಒಂದು ಟೊಂಗೆಯಲ್ಲಿ ಮಾತ್ರ ಹೂವಿನ ಬಣ್ಣ ಬೇರೆ. ಆ ಟೊಂಗೆಯ ಕಣ್ಣು ತೆಗೆದು ಕಸಿ ಕಟ್ಟಿದರೆ ಹೊಸ ಗಿಡದಲ್ಲೂ ಅದೇ ಬೇರೆ ಬಣ್ಣ ಬರುತ್ತದೆ. ಗುಲಾಬಿ ಬೆಳೆಯುವವರು ಇದನ್ನೇ ಸ್ಪೋರ್ಟ್ ಎನ್ನುತ್ತಾರೆ. 1867ರಲ್ಲಿ ‘ಲಾ ಫ್ರಾನ್ಸ್’ ಎಂಬ ತಳಿ ಬಂದ ಮೇಲೆ ಹೈಬ್ರಿಡ್ ಟೀ ಗುಲಾಬಿಗಳ ಕಾಲ ಶುರುವಾಯಿತು. ಅದಕ್ಕೂ ಮುಂಚಿನಿಂದ ಇದ್ದ ವರ್ಗಗಳನ್ನು ಹಳೆಯ ತೋಟದ ಗುಲಾಬಿಗಳು ಎನ್ನುವುದು ವಾಡಿಕೆ. ಈ ವರ್ಗಗಳಲ್ಲಿ ಹೆಸರು ಮಾಡಿದ ಬಿಳಿ, ಪಟ್ಟೆ, ತಿಳಿಬಣ್ಣದ ತಳಿಗಳಲ್ಲಿ ಎಷ್ಟೋ ಹೀಗೆ ಟೊಂಗೆಯಲ್ಲಿ ಹುಟ್ಟಿದವು, ಬೀಜದಿಂದ ಬಂದವಲ್ಲ.

ಕೊಳ್ಳುವವರು ಸಾಮಾನ್ಯವಾಗಿ ಫೋಟೊ ನೋಡಿ ಬಣ್ಣ ಆರಿಸುತ್ತಾರೆ. ಸ್ಪೋರ್ಟ್‌ಗಳ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಬಣ್ಣವೊಂದನ್ನು ಬಿಟ್ಟರೆ ತಾಯಿಗಿಡಕ್ಕೂ ಸ್ಪೋರ್ಟ್‌ಗೂ ಹೆಚ್ಚಿನ ಭೇದವಿರುವುದಿಲ್ಲ. ಅದೇ ಎಲೆ, ಅದೇ ರೋಗ, ಮಳೆ ಬಂದರೆ ಅದೇ ಪಾಡು. ತಾಯಿಗಿಡ ನಿಮ್ಮ ಹವೆಗೆ ಒಗ್ಗದಿದ್ದರೆ ಅದರ ಬಿಳಿ ಸ್ಪೋರ್ಟೂ ಒಗ್ಗುವುದಿಲ್ಲ. ಆದ್ದರಿಂದ ಮೊದಲು ಕುಟುಂಬ ಆರಿಸಿ, ಬಣ್ಣ ಆಮೇಲೆ. ಈ ನಿಯಮಕ್ಕೆ ಹೊರತಾದ ಕೆಲವು ಸ್ಪೋರ್ಟ್‌ಗಳಿವೆ. ಆರಿಸುವಾಗ ನಿಜಕ್ಕೂ ಯೋಚನೆ ಮಾಡಬೇಕಾದದ್ದು ಅಂಥವುಗಳ ಬಗ್ಗೆ.

ಬದಲಾವಣೆ ಎಲ್ಲಿ ಆಗಿರುತ್ತದೆ

ಚಿಗುರಿನ ತುದಿಯಲ್ಲಿ ಜೀವಕೋಶಗಳು ಮೂರು ಪದರವಾಗಿರುತ್ತವೆ. ಮೇಲಿನ ಪದರದಿಂದ ಗಿಡದ ಹೊರಸಿಪ್ಪೆ ಆಗುತ್ತದೆ, ಎರಡನೆಯದರಿಂದ ಪರಾಗ ಮತ್ತು ಅಂಡಾಣು, ಒಳಗಿನದರಿಂದ ಕಾಂಡದ ತಿರುಳು. ಗುಲಾಬಿಗೆ ಕೆಂಪು, ಪಿಂಕ್ ಬಣ್ಣ ಕೊಡುವ ಆಂಥೋಸಯಾನಿನ್ ಹೆಚ್ಚಾಗಿ ಇರುವುದು ಎಸಳಿನ ಹೊರಸಿಪ್ಪೆಯಲ್ಲಿ. ಹಾಗಾಗಿ ಮೇಲಿನ ಪದರ ಒಂದರಲ್ಲೇ ಬಣ್ಣದ ಜೀನ್ ಕೆಲಸ ನಿಲ್ಲಿಸಿದರೂ ಹೂ ಬಿಳಿಯಾಗಬಹುದು, ಒಳಗೆಲ್ಲ ತಾಯಿಗಿಡವೇ ಉಳಿದಿರುತ್ತದೆ. ಬಹಳಷ್ಟು ಸ್ಪೋರ್ಟ್‌ಗಳು ಇಂಥ ಪದರದ ಗಿಡಗಳು.

ತೋಟದಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಎಲೆಯ ಸಂದಿನ ಕಣ್ಣಿನಲ್ಲಿ ಮೂರೂ ಪದರಗಳಿರುವುದರಿಂದ ಕಣ್ಣು ಕಸಿಯಲ್ಲೂ ಕಡ್ಡಿಯಲ್ಲೂ ಹೊಸ ಬಣ್ಣ ಉಳಿಯುತ್ತದೆ. ಬೇರಿನಿಂದ ಏಳುವ ಚಿಗುರು ಒಳಪದರದ್ದು, ಅದು ತಾಯಿಯ ಬಣ್ಣಕ್ಕೆ ಮರಳಬಹುದು. ಬೀಜ ಎರಡನೇ ಪದರದಿಂದ ಬರುವುದರಿಂದ ಬಿಳಿ ಸ್ಪೋರ್ಟ್‌ನ ಬೀಜ ಬಿತ್ತಿ ಬಿಳಿ ಗುಲಾಬಿಗೆ ಕಾಯುವುದು ವ್ಯರ್ಥ.

ಪಟ್ಟೆ ಹೂಗಳಲ್ಲಿ ನಡೆಯುವುದೇ ಬೇರೆ. ಅಲ್ಲಿ ಬಣ್ಣದ ಜೀನ್ ಎಸಳು ಬೆಳೆಯುತ್ತಿರುವಾಗಲೇ ಕೆಲವು ಕೋಶಗಳಲ್ಲಿ ಎದ್ದು ಕೆಲವು ಕೋಶಗಳಲ್ಲಿ ಮಲಗಿರುತ್ತದೆ. ಒಂದು ಹೂವಿನ ಪಟ್ಟೆ ಇನ್ನೊಂದರಲ್ಲಿ ಇರದಿರುವುದಕ್ಕೂ, ಪಟ್ಟೆ ಗಿಡಗಳು ಆಗಾಗ ಒಂದೇ ಬಣ್ಣದ ಟೊಂಗೆ ಹೊರಡಿಸುವುದಕ್ಕೂ ಇದೇ ಕಾರಣ. ಪಟ್ಟೆ ಬೇಕೆನ್ನುವವರು ವರ್ಷಕ್ಕೊಮ್ಮೆಯಾದರೂ ಕತ್ತರಿ ಹಿಡಿಯಲು ಸಿದ್ಧರಿರಬೇಕು.

ಮೊದಲು ಹವೆ

ಗ್ಯಾಲಿಕಾ, ಸೆಂಟಿಫೋಲಿಯಾ, ಆಲ್ಬಾ, ಮೊಗ್ಗಿನ ಮೇಲೆ ಪಾಚಿಯಂಥ ನಾರಿರುವ ಹೆಚ್ಚಿನ ಮಾಸ್ ಗುಲಾಬಿಗಳು ಯುರೋಪಿನ ಚಳಿಗೆ ಹೊಂದಿಕೊಂಡವು. ಎಲೆ ಉದುರಿಸಿ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿದರಷ್ಟೇ ಮರುವಸಂತದಲ್ಲಿ ಹೂ ಬಿಡುತ್ತವೆ, ಅದೂ ವರ್ಷಕ್ಕೆ ಒಂದೇ ಸಲ, ಹಿಂದಿನ ವರ್ಷದ ಟೊಂಗೆಯ ಮೇಲೆ. ಬೆಂಗಳೂರು, ಮೈಸೂರಿನ ಚಳಿ ಇವುಗಳಿಗೆ ಸಾಲದು. ಗಿಡ ಸಾಯುವುದಿಲ್ಲ, ಎಲೆ ಬಿಡುತ್ತಾ ನಿಲ್ಲುತ್ತದೆ. ಬ್ರಿಟನ್, ಜರ್ಮನಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿರುವ ಕನ್ನಡಿಗರಿಗೆ ಮಾತ್ರ ಇವು ಕಣ್ಣುಮುಚ್ಚಿ ನೆಡಬಹುದಾದ ಗಿಡಗಳು.

ಚೈನಾ ಮತ್ತು ಟೀ ಗುಲಾಬಿಗಳ ಮೂಲ ಚೀನಾದ ಬೆಚ್ಚಗಿನ ಸೀಮೆ. ಇವಕ್ಕೆ ಚಳಿಯ ಹಂಗಿಲ್ಲ, ವರ್ಷವಿಡೀ ಚಿಗುರುತ್ತವೆ, ಚಿಗುರಿದಂತೆಲ್ಲ ಹೂ ಬಿಡುತ್ತವೆ. ಕರ್ನಾಟಕದ ಬಯಲುಸೀಮೆಗೆ ಹೇಳಿ ಮಾಡಿಸಿದ ಹಳೆಯ ಗುಲಾಬಿಗಳೆಂದರೆ ಇವೇ.

ಬೂರ್ಬನ್ ವರ್ಗ ಇವೆರಡರ ನಡುವಿನದು. ಹಿಂದೂ ಮಹಾಸಾಗರದ ಬೂರ್ಬನ್ ದ್ವೀಪದಲ್ಲಿ, ಅಂದರೆ ಇಂದಿನ ರಿಯೂನಿಯನ್‌ನಲ್ಲಿ, ಬೇಲಿಗೆ ನೆಟ್ಟಿದ್ದ ಡಮಾಸ್ಕ್ ವರ್ಗದ ಆಟಮ್ ಡಮಾಸ್ಕ್ ಮತ್ತು ಚೈನಾ ವರ್ಗದ ‘ಓಲ್ಡ್ ಬ್ಲಶ್’ ಗಿಡಗಳು ತಾವಾಗಿಯೇ ಬೆರೆತು ಹುಟ್ಟಿದ್ದು ಇದು. 1817ರಲ್ಲಿ ಸಸ್ಯಶಾಸ್ತ್ರಜ್ಞ ಬ್ರೆಯಾನ್ ಅದನ್ನು ಗುರುತಿಸಿದರು, ಎರಡು ವರ್ಷದಲ್ಲಿ ಬೀಜ ಫ್ರಾನ್ಸ್ ತಲುಪಿತು. ದಕ್ಷಿಣ ಭಾರತದಲ್ಲಿ ಬಿಡಿ ಹೂವಿಗೂ ಕಸಿಯ ಬೇರುಗಿಡಕ್ಕೂ ಬೆಳೆಸುವ ಎಡ್ವರ್ಡ್ ರೋಸ್ ಕೂಡ ಬೂರ್ಬನ್ ವರ್ಗದ್ದೇ. ಹಾಗಾಗಿ ಎಡ್ವರ್ಡ್ ಚೆನ್ನಾಗಿ ಬೆಳೆಯುವ ಊರಿನಲ್ಲಿ ಉಳಿದ ಬೂರ್ಬನ್‌ಗಳನ್ನೂ ಧೈರ್ಯವಾಗಿ ಪ್ರಯತ್ನಿಸಬಹುದು. ಆದರೆ ಎಡ್ವರ್ಡ್‌ಗೆ ಇರುವಷ್ಟು ಗಟ್ಟಿತನವನ್ನು ಅವುಗಳಲ್ಲಿ ನಿರೀಕ್ಷಿಸಬೇಡಿ.

ಮಾಲ್ಮೆಜೊನ್ ಮತ್ತು ಅದರ ಮೂರು ರೂಪ

‘ಸುವೆನೀರ್ ದ ಲಾ ಮಾಲ್ಮೆಜೊನ್’ 1843ರಲ್ಲಿ ಲಿಯೋನ್ ನಗರದ ಬೆಲೂಝ್ ಬೆಳೆಸಿದ ಬೂರ್ಬನ್. ಇದು ನೆಪೋಲಿಯನ್‌ನ ಪತ್ನಿ ಜೋಸೆಫೀನ್ ರಾಣಿಯ ಮಾಲ್ಮೆಜೊನ್ ತೋಟದಲ್ಲಿತ್ತೆಂದು ಮಾರಾಟಗಾರರು ಹೇಳುವುದುಂಟು, ಅದು ಸುಳ್ಳು. ರಾಣಿ ತೀರಿಕೊಂಡದ್ದು 1814ರಲ್ಲಿ. ಹೂ 10ರಿಂದ 12 ಸೆಂಟಿಮೀಟರ್ ಅಗಲ, ಚಪ್ಪಟೆ, ಎಸಳುಗಳು ನಾಲ್ಕು ಭಾಗವಾಗಿ ಮಡಿಚಿಕೊಂಡಂತೆ, ಬಣ್ಣ ಮಾಸಲು ನಸುಪಿಂಕ್, ಪರಿಮಳ ಗಟ್ಟಿ. ಪೊದೆ ಒಂದು ಮೀಟರ್‌ನಿಂದ ಸ್ವಲ್ಪ ಹೆಚ್ಚು. ಚಳಿಗಾಲದ ಒಣಹವೆಯಲ್ಲಿ ಅರಳಿದ ಹೂವಿಗೆ ಸಾಟಿಯಿಲ್ಲ.

ತೊಂದರೆ ಮಳೆಯದು. ಎಸಳು ತೀರಾ ಹೆಚ್ಚು, ತೀರಾ ತೆಳು. ಮೊಗ್ಗು ನೆನೆದು ಮೇಲೆ ಬಿಸಿಲು ಬಿದ್ದರೆ ಹೊರಗಿನ ಎಸಳುಗಳು ಒಂದಕ್ಕೊಂದು ಅಂಟಿ ಒಣಗಿ ಗಟ್ಟಿ ಸಿಪ್ಪೆಯಾಗುತ್ತವೆ. ಒಳಗಿನವು ಬಿರಿಯಲಾರದೆ ಕೊಳೆಯುತ್ತವೆ. ಕಂದು ಉಂಡೆಯಂತೆ ಟೊಂಗೆಯ ತುದಿಯಲ್ಲಿ ನೇತಾಡುವ ಇಂಥ ಮೊಗ್ಗನ್ನು ಕಿತ್ತು ಹಾಕದಿದ್ದರೆ ಬೂಷ್ಟು ತೊಟ್ಟಿಗೂ ಇಳಿಯುತ್ತದೆ. ಮಳೆಗಾಲದಲ್ಲಿ ಮೊಗ್ಗಿಗೆ ನೀರು ತಾಗದಂತೆ ಸೂರಿನಡಿ ಇಡುವ ಅನುಕೂಲವಿದ್ದರೆ ಕುಂಡದಲ್ಲಿ ಬೆಳೆಸುವುದೇ ಮೇಲು. ಕುಂಡ ಕನಿಷ್ಠ 16 ಇಂಚಿನದು ಇರಲಿ.

‘ಕ್ರೋನ್‌ಪ್ರಿನ್ಸೆಸಿನ್ ವಿಕ್ಟೋರಿಯಾ’ ಇದರ ಬಿಳಿ ಸ್ಪೋರ್ಟ್, 1880ರ ದಶಕದ್ದು. ಕೆನೆಬಿಳಿ, ನಡುವೆ ನಿಂಬೆಹಳದಿಯ ಛಾಯೆ. ಉಳಿದದ್ದೆಲ್ಲ ತಾಯಿಯಂತೆ, ಮಳೆಗೆ ಉಂಡೆಯಾಗುವುದೂ ಸೇರಿ. ಬಿಳಿಯಾದ್ದರಿಂದ ಒಂದು ಹೆಚ್ಚುವರಿ ತಾಪತ್ರಯವಿದೆ: ಥ್ರಿಪ್ಸ್ ಎಂಬ ಸಣ್ಣ ಹುಳು ಕೆರೆದ ಕಂದು ಗೆರೆ, ಬೂಷ್ಟಿನ ಪಿಂಕ್ ಚುಕ್ಕೆ, ಮಣ್ಣಿನ ಸಿಡಿತ ಎಲ್ಲವೂ ಎದ್ದು ಕಾಣುತ್ತವೆ. ತಾಯಿಗಿಡದಲ್ಲೂ ಅಷ್ಟೇ ಹಾನಿ ಆಗಿರುತ್ತದೆ, ಬಣ್ಣದಲ್ಲಿ ಮುಚ್ಚಿಹೋಗುತ್ತದೆ ಅಷ್ಟೆ.

‘ಸುವೆನೀರ್ ದ ಸೇಂಟ್ ಆನ್ಸ್’ ನಿಯಮ ಮುರಿಯುವ ಸ್ಪೋರ್ಟ್. ಡಬ್ಲಿನ್ ಹತ್ತಿರದ ಸೇಂಟ್ ಆನ್ಸ್ ತೋಟದಲ್ಲಿ ಉಳಿದುಕೊಂಡಿದ್ದು 1950ರಲ್ಲಿ ಮಾರುಕಟ್ಟೆಗೆ ಬಂತು. ಬಣ್ಣ ತಾಯಿಯದೇ, ಎಸಳು ಮಾತ್ರ ಕಡಿಮೆ. ಹೂ ಪೂರ್ತಿ ಬಿಚ್ಚಿಕೊಂಡು ನಡುವಿನ ಕೇಸರ ಕಾಣುತ್ತದೆ, ಜೇನು ಬರುತ್ತದೆ. ಎಸಳು ಕಡಿಮೆಯಾದ ಒಂದೇ ಕಾರಣಕ್ಕೆ ಮಳೆಯ ರೋಗ ಹೋಯಿತು: ನೀರು ನಿಲ್ಲಲು ಮಡಿಕೆಗಳಿಲ್ಲ. ಪೊದೆಯೂ ತಾಯಿಗಿಂತ ಎತ್ತರ, ಒಂದೂವರೆಯಿಂದ ಎರಡು ಮೀಟರ್. ಮಲೆನಾಡಿನವರು, ಕರಾವಳಿಯವರು ಈ ಕುಟುಂಬದಲ್ಲಿ ಬೇರೆ ಯಾವುದನ್ನೂ ಯೋಚಿಸಬೇಕಿಲ್ಲ. ಬಯಲುಸೀಮೆಯವರಿಗೆ ತುಂಬುಹೂವಿನ ಆಸೆಯಿದ್ದರೆ ತಾಯಿಗಿಡ, ಬಿಳಿಗಾಗಿ ದಿನಾ ಕಣ್ಣಿಟ್ಟು ನೋಡುವ ತಾಳ್ಮೆಯಿದ್ದರೆ ವಿಕ್ಟೋರಿಯಾ.

1893ರ ಹತ್ತುವ ಸ್ಪೋರ್ಟ್ ಕೂಡ ಇದೆ, ಮೂರೂವರೆ ಮೀಟರ್ ಏರುತ್ತದೆ. ಹತ್ತುವ ಸ್ಪೋರ್ಟ್ ಯಾವುದೇ ಇರಲಿ, ಮೊದಲ ಎರಡು ವರ್ಷ ಬುಡದ ಹತ್ತಿರ ಕತ್ತರಿಸಬೇಡಿ. ಅದು ಪೊದೆರೂಪಕ್ಕೆ ಮರಳುವ ಅಪಾಯವಿದೆ.

‘ಲಾ ರೇನ್ ವಿಕ್ಟೋರಿಯಾ’ ಮತ್ತು ‘ಮದಾಂ ಪಿಯರ್ ಓಜೆ’

ಮೊದಲನೆಯದು ಲಿಯೋನ್‌ನ ಜೋಸೆಫ್ ಶ್ವಾರ್ಟ್ಸ್ 1872ರಲ್ಲಿ ಹೊರತಂದ ಬೂರ್ಬನ್. ಬಟ್ಟಲಿನಂತೆ ದುಂಡಗಿನ ಹೂ, ಗಾಢ ಪಿಂಕ್, ನೇರ ನಿಲ್ಲುವ ತೆಳ್ಳನೆಯ ಗಿಡ, ಒಂದೂವರೆ ಮೀಟರ್‌ಗೂ ಹೆಚ್ಚು ಎತ್ತರ. ಎರಡನೆಯದು ಅದರ ಸ್ಪೋರ್ಟ್. ಫ್ರಾನ್ಸಿನ ಕಾನ್ ಪಟ್ಟಣದ ಓಜೆ ಅವರ ತೋಟದಲ್ಲಿ ಕಾಣಿಸಿಕೊಂಡು 1878ರಲ್ಲಿ ಮಾರಾಟಕ್ಕೆ ಬಂತು.

ಓಜೆಯ ಬಣ್ಣ ಹವೆಯನ್ನು ಅವಲಂಬಿಸಿದೆ. ಮೋಡ ಮುಚ್ಚಿದ ತಂಪು ದಿನಗಳಲ್ಲಿ ಕೆನೆಬಿಳಿ, ಎಸಳಿನ ಅಂಚಿನಲ್ಲಷ್ಟೇ ತುಸು ಪಿಂಕ್. ಬಿಸಿಲು ತಗುಲಿದ ಕಡೆ ಪಿಂಕ್ ಏರುತ್ತಾ ಹೋಗುತ್ತದೆ. ಹೆಚ್ಚಿನ ಗುಲಾಬಿಗಳು ಬಿಸಿಲಿಗೆ ಮಾಸುತ್ತವೆ, ಇದು ರಂಗೇರುತ್ತದೆ. ‘ಓಲ್ಡ್ ಬ್ಲಶ್’ನಂಥ ಚೈನಾ ಗುಲಾಬಿಗಳ ಗುಣವೂ ಇದೇ. ಇಂಗ್ಲೆಂಡಿನ ಫೋಟೊಗಳಲ್ಲಿ ಕಾಣುವ ಪಿಂಗಾಣಿ ಬಿಳುಪು ನಮ್ಮ ಮಾರ್ಚ್ ಬಿಸಿಲಿನಲ್ಲಿ ಸಿಗುವುದಿಲ್ಲ. ಅದೇ ಬೇಕೆಂದರೆ ಮಧ್ಯಾಹ್ನದ ಮೇಲೆ ನೆರಳು ಬೀಳುವ ಜಾಗ ಕೊಡಿ, ಡಿಸೆಂಬರ್ ಹೂಗಳಿಗೆ ಕಾಯಿರಿ. ಬಿಸಿಲಲ್ಲೇ ಇಡುವುದಾದರೆ ತಾಯಿಗೂ ಸ್ಪೋರ್ಟ್‌ಗೂ ಬಣ್ಣದ ಅಂತರ ಅಷ್ಟು ಉಳಿಯುವುದಿಲ್ಲ, ಯಾವುದು ಸಿಕ್ಕರೂ ತೆಗೆದುಕೊಳ್ಳಬಹುದು.

ಎರಡಕ್ಕೂ ಕಪ್ಪು ಚುಕ್ಕೆ ರೋಗ ಬೇಗ ಅಂಟುತ್ತದೆ. ಎಲೆಯ ಮೇಲೆ ನೀರು ಗಂಟೆಗಟ್ಟಲೆ ನಿಂತರೆ ರೋಗದ ಬೀಜಕಣ ಮೊಳೆಯುತ್ತದೆ. ಬುಡಕ್ಕೆ ಮಾತ್ರ ನೀರು ಕೊಡಿ, ಉದುರಿದ ಎಲೆ ಗುಡಿಸಿ ಸುಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಟ್ಟಾಗ ಲೀಟರ್‌ಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಸಿಂಪಡಿಸಿ. ತೆಳು ಗಿಡಗಳಾದ್ದರಿಂದ ಒಂದರ ಬದಲು ಮೂರನ್ನು 75 ಸೆಂಟಿಮೀಟರ್ ಅಂತರದಲ್ಲಿ ಗುಂಪಾಗಿ ನೆಟ್ಟರೆ ಪೊದೆ ತುಂಬಿದಂತೆ ಕಾಣುತ್ತದೆ, ಗಾಳಿಯೂ ಆಡುತ್ತದೆ.

ಮುಳ್ಳಿಲ್ಲದ ಜೋಡಿ

1868ರ ‘ಝೆಫಿರಿನ್ ಡ್ರೂಆನ್’ ಮುಳ್ಳೇ ಇಲ್ಲದ ಹತ್ತುವ ಬೂರ್ಬನ್. ಹೂ ಕಣ್ಣಿಗೆ ಹೊಡೆಯುವ ಪಿಂಕ್, ಒಳ್ಳೆಯ ಪರಿಮಳ. ಮಕ್ಕಳು ಓಡಾಡುವ ದಾರಿಯ ಕಮಾನಿಗೆ ಇದನ್ನೇ ಎಲ್ಲರೂ ಸೂಚಿಸುತ್ತಾರೆ. ಬೂದಿ ರೋಗ, ಕಪ್ಪು ಚುಕ್ಕೆ ಎರಡೂ ಇದಕ್ಕೆ ತಪ್ಪದು ಎಂಬುದನ್ನು ಹೇಳುವವರು ಕಡಿಮೆ. ‘ಕ್ಯಾಥ್ಲೀನ್ ಹ್ಯಾರಪ್’ ಅದರ ತಿಳಿಪಿಂಕ್ ಸ್ಪೋರ್ಟ್, 1919ರಲ್ಲಿ ಉತ್ತರ ಐರ್ಲೆಂಡಿನ ಡಿಕ್ಸನ್ ನರ್ಸರಿ ಹೊರತಂದದ್ದು. ಎಸಳಿನ ಬೆನ್ನು ಗಾಢ, ಮುಖ ತಿಳಿ, ಮುಳ್ಳು ಇದಕ್ಕೂ ಇಲ್ಲ.

ಇಲ್ಲಿ ಬಣ್ಣದ ಜೊತೆ ಬಲವೂ ತುಸು ಬದಲಾಗಿದೆ. ಝೆಫಿರಿನ್ ಮೂರರಿಂದ ನಾಲ್ಕು ಮೀಟರ್ ಏರಿದರೆ ಕ್ಯಾಥ್ಲೀನ್ ಎರಡೂವರೆಗೆ ನಿಲ್ಲುತ್ತದೆ. ಕಮಾನಿನ ಎರಡು ಬದಿಗೆ ಒಂದೊಂದು ನೆಟ್ಟರೆ ನಡುವೆ ಸೇರುವುದೇ ಇಲ್ಲ. ಎತ್ತರದ ಕಮಾನಿಗೆ ಝೆಫಿರಿನ್, ಕಿಟಕಿಯ ಕೆಳಗಿನ ಜಾಲರಿಗೆ ಅಥವಾ ಗಿಡ್ಡ ಕಂಬಕ್ಕೆ ಕ್ಯಾಥ್ಲೀನ್. ಯಾವುದೇ ಆದರೂ ಪಶ್ಚಿಮದ ಬಿಸಿಲು ಹೀರುವ ಗೋಡೆಗೆ ಒತ್ತಿ ನೆಡಬೇಡಿ. ಗಾಳಿಯಾಡದ ಒಣ ಮೂಲೆಯಲ್ಲಿ ಬೂದಿ ರೋಗ ಮೊದಲು ಬರುತ್ತದೆ. ಗೋಡೆಯಿಂದ 40 ಸೆಂಟಿಮೀಟರ್ ಈಚೆಗೆ ಗುಣಿ ತೆಗೆಯಿರಿ. ಉದ್ದ ಕಾಂಡಗಳನ್ನು ನೆಟ್ಟಗೆ ಬಿಡದೆ ಅಡ್ಡಕ್ಕೆ ಬಾಗಿಸಿ ಕಟ್ಟಿ. ನೆಟ್ಟಗಿದ್ದರೆ ತುದಿಯ ಕಣ್ಣು ಉಳಿದವನ್ನು ತಡೆದು ಹೂವೆಲ್ಲ ನೆತ್ತಿಯಲ್ಲಿ ಬರುತ್ತದೆ, ಅಡ್ಡ ಮಲಗಿಸಿದರೆ ಉದ್ದಕ್ಕೂ ಕಣ್ಣೊಡೆಯುತ್ತದೆ. ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ ಲೀಟರ್‌ಗೆ 2 ಗ್ರಾಂ, ಬೆಳಗ್ಗೆ ಅಥವಾ ಸಂಜೆ. ಸುಡುಬಿಸಿಲಿನಲ್ಲಿ ಹೊಡೆದರೆ ಎಲೆ ಸುಟ್ಟುಹೋಗುತ್ತದೆ.

ಟೀ ಗುಲಾಬಿಗಳು: ನಮ್ಮ ಸೀಮೆಗೆ ಇವೇ

‘ಡಚೆಸ್ ದ ಬ್ರಬಾಂ’ 1857ರದ್ದು. ಬಟ್ಟಲು ಆಕಾರದ ತಿಳಿಪಿಂಕ್ ಹೂ, ಟೀ ವರ್ಗದಲ್ಲೇ ಗಟ್ಟಿ ಪರಿಮಳದವುಗಳಲ್ಲಿ ಒಂದು. 1880ರಲ್ಲಿ ಬಂದ ‘ಮದಾಂ ಜೋಸೆಫ್ ಶ್ವಾರ್ಟ್ಸ್’ ಅದರ ಬಿಳಿ ಸ್ಪೋರ್ಟ್. ಅಪ್ಪಟ ಬಿಳಿಯಲ್ಲ, ತಂಪಿನಲ್ಲಿ ಎಸಳಿನ ಮೇಲೆ ನಸುಗೆಂಪು ಇಳಿಯುತ್ತದೆ. ಆಗೊಮ್ಮೆ ಈಗೊಮ್ಮೆ ಪೂರ್ತಿ ಪಿಂಕ್ ಹೂವಿನ ಟೊಂಗೆ ಹೊರಟರೆ ಅದು ತಾಯಿಯ ಬಣ್ಣಕ್ಕೆ ಮರಳಿದ್ದು. ಒಂದೇ ಗಿಡದಲ್ಲಿ ಎರಡೂ ಇರಲಿ ಎಂದು ಬಿಡುವವರಿದ್ದಾರೆ, ಆದರೆ ತಾಯಿಟೊಂಗೆ ಬಲವಾಗಿದ್ದರೆ ಕಾಲಕ್ರಮೇಣ ಬಿಳಿ ಹಿಂದೆ ಬೀಳುತ್ತದೆ. ಈ ಎರಡರಲ್ಲಿ ಆರಿಸುವುದು ನಿಜವಾಗಿಯೂ ಬಣ್ಣದ ಪ್ರಶ್ನೆ ಮಾತ್ರ. ದೇವರ ಪೂಜೆಗೆ ಬಿಳಿ ಬೇಕೆನ್ನುವವರು ಸ್ಪೋರ್ಟ್ ತರಲಿ, ಉಳಿದವರಿಗೆ ತಾಯಿಗಿಡದಲ್ಲಿ ಥ್ರಿಪ್ಸ್ ಕಲೆ ಕಡಿಮೆ ಕಾಣುತ್ತದೆ.

‘ಮಮಾಂ ಕೋಶೆ’ ಮತ್ತು 1896ರಲ್ಲಿ ಅಮೆರಿಕದಲ್ಲಿ ಬಂದ ಅದರ ಸ್ಪೋರ್ಟ್ ‘ವೈಟ್ ಮಮಾಂ ಕೋಶೆ’ ದೊಡ್ಡ, ಭಾರದ, ಚೂಪು ಮೊಗ್ಗಿನ ಹೂಗಳು. ತೊಟ್ಟು ಮೆತ್ತಗಿರುವುದರಿಂದ ಹೂ ತಲೆತಗ್ಗಿಸುತ್ತದೆ. ತುಂಬು ಎಸಳಿನ ಮೊಗ್ಗು ಮಳೆಗೆ ಬಿರಿಯದೆ ನಿಲ್ಲುವುದೂ ಉಂಟು, ಧಾರವಾಡ, ವಿಜಯಪುರದ ಕಡೆಯ ಒಣಹವೆಗೆ ಹೆಚ್ಚು ಸರಿ. ಬಿಳಿ ಸ್ಪೋರ್ಟ್‌ನ ಹೊರ ಎಸಳಿನ ಮೇಲೆ ಪಿಂಕ್ ಬರೆ ಇರುತ್ತದೆ. ಅದು ಗುಣ, ರೋಗವಲ್ಲ.

‘ಕ್ಯಾಥರೀನ್ ಮೆರ್ಮೆ’ (1869) ಎರಡು ದಿಕ್ಕಿಗೆ ಸ್ಪೋರ್ಟ್ ಕೊಟ್ಟ ತಳಿ: ಬಿಳಿಯ ‘ದಿ ಬ್ರೈಡ್’ 1885ರಲ್ಲಿ, ತಾಯಿಗಿಂತ ಗಾಢವಾದ ‘ಬ್ರೈಡ್ಸ್‌ಮೇಡ್’ 1890ರ ದಶಕದ ಆರಂಭದಲ್ಲಿ. ಅಮೆರಿಕದ ಗಾಜಿನಮನೆ ಬೆಳೆಗಾರರು ಮೂರನ್ನೂ ಕೊಯ್ದ ಹೂವಾಗಿ ಮಾರಿದರು.

ಟೀ ಗುಲಾಬಿಗಳ ವಿಷಯದಲ್ಲಿ ಹೆಚ್ಚಾಗಿ ಆಗುವ ತಪ್ಪು ಪ್ರೂನಿಂಗ್‌ನದು. ಬೆಂಗಳೂರಿನಲ್ಲಿ ಅಕ್ಟೋಬರ್ ತಿಂಗಳಲ್ಲಿ ಹೈಬ್ರಿಡ್ ಟೀಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸುವ ರೂಢಿಯಿದೆ. ಹಳೆಯ ಟೀಗಳಿಗೆ ಹಾಗೆ ಮಾಡಿದರೆ ಗಿಡ ತಿಂಗಳುಗಟ್ಟಲೆ ಮುದುಡಿ ಕೂರುತ್ತದೆ, ಕತ್ತರಿಸಿದ ತುದಿಯಿಂದ ಟೊಂಗೆ ಒಣಗುತ್ತಾ ಇಳಿಯುತ್ತದೆ. ಇವು ಆಹಾರ ಕೂಡಿಡುವುದು ಹಳೆಯ ಟೊಂಗೆಯಲ್ಲಿ. ಒಣಕಡ್ಡಿ, ಒಳಗೆ ಉಜ್ಜುವ ಟೊಂಗೆ ತೆಗೆದು, ಎತ್ತರದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸದೆ ಬಿಡಿ. ಗಿಡದಿಂದ ಗಿಡಕ್ಕೆ ಒಂದೂವರೆ ಮೀಟರ್ ಅಂತರ ಬೇಕು. ಗುಣಿ ಎರಡು ಅಡಿ ಉದ್ದ, ಅಗಲ, ಆಳ. ಕೆಮ್ಮಣ್ಣಿಗೆ 8ರಿಂದ 10 ಕಿಲೊ ಕಳಿತ ಕೊಟ್ಟಿಗೆ ಗೊಬ್ಬರ, 250 ಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬಿದರೆ ಸಾಕು. ಯೂರಿಯಾ ಸುರಿದರೆ ಚಿಗುರು ಮೆತ್ತಗಾಗಿ ಥ್ರಿಪ್ಸ್, ಬೂದಿ ಎರಡನ್ನೂ ಕರೆದಂತೆ.

ಥ್ರಿಪ್ಸ್ ಇದೆಯೇ ಎಂದು ನೋಡಲು ಅರೆಬಿರಿದ ಹೂವನ್ನು ಬಿಳಿ ಕಾಗದದ ಮೇಲೆ ತಟ್ಟಿ. ಕೂದಲೆಳೆಯಷ್ಟು ಸಣ್ಣ ಹಳದಿ, ಕಂದು ಹುಳು ಓಡಾಡಿದರೆ ಬಾಡಿದ ಹೂಗಳನ್ನೆಲ್ಲ ಕಿತ್ತು ಚೀಲಕ್ಕೆ ಹಾಕಿ ಕಟ್ಟಿ, ನೀಲಿ ಅಂಟುಹಾಳೆ ತೂಗುಹಾಕಿ, ಸಂಜೆ ಲೀಟರ್‌ಗೆ 5 ಮಿಲಿ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಮೊಗ್ಗಿಗೆ ಸಿಂಪಡಿಸಿ. ಮೊಗ್ಗು ಬಿರಿದ ಮೇಲೆ ಏನು ಹೊಡೆದರೂ ಆದ ಕಲೆ ಹೋಗದು.

‘ಓಲ್ಡ್ ಬ್ಲಶ್’ ಮತ್ತು ಹಸಿರು ಗುಲಾಬಿ

‘ಓಲ್ಡ್ ಬ್ಲಶ್’ಗೆ ಹೆಚ್ಚು ವಿವರ ಬೇಡ. ಮೊದಲ ಸಲ ಹಳೆಯ ಗುಲಾಬಿ ನೆಡುವವರು ಇದನ್ನೇ ನೆಡಲಿ. ಪಿಂಕ್ ಗೊಂಚಲು, ವರ್ಷವಿಡೀ ಹೂ, ಕಡ್ಡಿ ಚುಚ್ಚಿದರೆ ಬೇರು. ‘ವಿರಿಡಿಫ್ಲೋರಾ’ ಇದರದೇ ಸ್ಪೋರ್ಟ್ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಅದರಲ್ಲಿ ಎಸಳುಗಳೇ ಇಲ್ಲ, ಎಸಳಿನ ಜಾಗದಲ್ಲೆಲ್ಲ ಹಸಿರು ಪುಷ್ಪಪತ್ರಗಳು. ದಿನ ಕಳೆದಂತೆ ಕಂಚಿನ ಬಣ್ಣಕ್ಕೆ ತಿರುಗುತ್ತವೆ. ಮಳೆಗೆ ಕೊಳೆಯುವಂಥದ್ದು ಏನೂ ಇಲ್ಲದ್ದರಿಂದ ಹೂ ವಾರಗಟ್ಟಲೆ ನಿಲ್ಲುತ್ತದೆ, ಹೂದಾನಿಗೆ ಚೆನ್ನ. ಅಂದ ಎಂದು ಒಪ್ಪುವವರು ಕಡಿಮೆ, ಕುತೂಹಲಕ್ಕೆ ಒಂದು ಕುಂಡ ಸಾಕು.

‘ಕ್ಲೈಂಬಿಂಗ್ ಓಲ್ಡ್ ಬ್ಲಶ್’ ಕೊಳ್ಳುವಾಗ ಎಚ್ಚರವಿರಲಿ. ಓಲ್ಡ್ ಬ್ಲಶ್ ಎಡೆಬಿಡದೆ ಹೂ ಬಿಡುವುದು ಹೂಬಿಡುವುದನ್ನು ತಡೆಯುವ ಜೀನ್ ಒಂದರೊಳಗೆ ಬೇರೆ ಡಿಎನ್ಎ ತುಣುಕು ಹೊಕ್ಕು ಅದನ್ನು ಕೆಡಿಸಿರುವುದರಿಂದ. ಹತ್ತುವ ರೂಪದಲ್ಲಿ ಆ ತುಣುಕಿನ ಬಹುಭಾಗ ಹೊರಬಿದ್ದು ಜೀನ್ ಮತ್ತೆ ಕೆಲಸ ಮಾಡುತ್ತದೆ. ಫಲವಾಗಿ ಗಿಡ ಉದ್ದಕ್ಕೆ ಬೆಳೆಯುತ್ತದೆ, ಹೂ ಒಂದು ಸುಗ್ಗಿಗೆ ಸೀಮಿತವಾಗುತ್ತದೆ. ಪೊದೆಯಷ್ಟೇ ಹೂ ಹತ್ತುಬಳ್ಳಿಯಲ್ಲೂ ಸಿಗುತ್ತದೆಂದು ನಂಬಬೇಡಿ.

ಚಳಿಸೀಮೆಯ ಜೋಡಿ, ಪಟ್ಟೆಯ ಗೊಂದಲ

‘ಗ್ಯಾಲಿಕಾ ಆಫಿಸಿನಾಲಿಸ್’ ಫ್ರಾನ್ಸಿನ ಪ್ರೊವಾಂ ಪಟ್ಟಣದ ಔಷಧ ವ್ಯಾಪಾರಕ್ಕೆ ಹೆಸರಾದ ಕೆಂಪು ಗುಲಾಬಿ. ‘ರೋಸಾ ಮುಂಡಿ’ ಅದರ ಪಟ್ಟೆ ಸ್ಪೋರ್ಟ್, ಕೆಂಪಿನ ಮೇಲೆ ಬಿಳಿಯೂ ಬಿಳಿಯ ಮೇಲೆ ಕೆಂಪೂ ಎರಚಿದಂತೆ. ಇಂಗ್ಲೆಂಡಿನ ಎರಡನೇ ಹೆನ್ರಿ ರಾಜನ ಪ್ರೇಯಸಿ ರೋಸಮಂಡ್‌ಳಿಗೆ ಇದನ್ನು ಜೋಡಿಸುವ ಕತೆ 12ನೇ ಶತಮಾನಕ್ಕೆ ಹೋಗುತ್ತದೆ, ಗಿಡದ ದಾಖಲೆ ಸಿಗುವುದು 16ನೇ ಶತಮಾನದಿಂದ ಈಚೆಗೆ.

ನರ್ಸರಿಗಳಲ್ಲಿ ರೋಸಾ ಮುಂಡಿಯನ್ನೇ ‘ಯಾರ್ಕ್ ಅಂಡ್ ಲ್ಯಾಂಕಾಸ್ಟರ್’ ಎಂದು ಕೊಡುವುದು ಹಳೆಯ ಚಾಳಿ. ಹೂ ಕೈಯಲ್ಲಿ ಹಿಡಿದರೆ ಗುರುತಿಸುವುದು ಸುಲಭ. ರೋಸಾ ಮುಂಡಿಯ ಒಂದೊಂದು ಎಸಳಿನಲ್ಲೂ ಗೆರೆ, ಚುಕ್ಕೆ ಇರುತ್ತವೆ, ಗಿಡ ಒಂದು ಮೀಟರ್‌ನ ದಟ್ಟ ಪೊದೆ. ಯಾರ್ಕ್ ಅಂಡ್ ಲ್ಯಾಂಕಾಸ್ಟರ್ ಡಮಾಸ್ಕ್ ವರ್ಗದ್ದು, ಎರಡು ಮೀಟರ್‌ನ ಸಡಿಲ ಗಿಡ. ಅದರಲ್ಲಿ ಗೆರೆಯಿಲ್ಲ, ಕೆಲವು ಎಸಳು ಪೂರ್ತಿ ಪಿಂಕ್, ಕೆಲವು ಪೂರ್ತಿ ಬಿಳಿ. ತೋಟಕ್ಕೆ ಬೇಕಾದದ್ದು ಮೊದಲನೆಯದೇ, ಎರಡನೆಯದು ಇತಿಹಾಸದ ಮೋಹವಿರುವವರಿಗೆ.

ರೋಸಾ ಮುಂಡಿಯನ್ನು ಅದರದೇ ಬೇರಿನ ಮೇಲೆ ಬೆಳೆಸಿದರೆ ಬೇರುಚಿಗುರು ಹಬ್ಬಿ ಬೇಲಿಯಾಗುತ್ತದೆ. ಆದರೆ ಅವುಗಳಲ್ಲಿ ಕೆಲವು ಅಪ್ಪಟ ಕೆಂಪಿಗೆ ಮರಳಿರುತ್ತವೆ, ಹೂ ಬರುವ ತನಕ ಗೊತ್ತಾಗುವುದಿಲ್ಲ. ಹೂವಿನ ಕಾಲದಲ್ಲೇ ಕೆಂಪು ಟೊಂಗೆಗಳಿಗೆ ದಾರ ಕಟ್ಟಿಡಿ, ಹೂ ಮುಗಿದ ತಕ್ಷಣ ಅವನ್ನು ಹೊರಟ ಜಾಗದಿಂದಲೇ ಕಿತ್ತುಹಾಕಿ. ಮೋಟು ಬಿಟ್ಟರೆ ಅದರ ಬುಡದ ಕಣ್ಣು ಮತ್ತೆ ಕೆಂಪನ್ನೇ ಹೊರಡಿಸುತ್ತದೆ. ‘ವಾರಿಯೆಗಾಟಾ ದಿ ಬೊಲೊನ್ಯ’ (1909) ಎಂಬ ಪಟ್ಟೆ ಬೂರ್ಬನ್‌ಗೂ ಇದೇ ಚಿಕಿತ್ಸೆ, ಅದು ಮರಳುವುದು ಕಡುನೇರಳೆಗೆ. ಬಿಳಿ ಮಾಸ್ ಆದ ‘ಕಾತ್ರ್ ಸೆಜೋಂ ಬ್ಲಾಂ ಮೂಸೊ’ ಮರಳಿದರೆ ಪಾಚಿಯಂಥ ನಾರೂ ಹೋಗಿ ಸಾದಾ ಪಿಂಕ್ ಆಟಮ್ ಡಮಾಸ್ಕ್ ಆಗುತ್ತದೆ.

ಒಟ್ಟಿಗೆ ಬೆಳೆಸಿ ಹೋಲಿಸುವಾಗ

ತಾಯಿಗಿಡ ಸ್ವಂತ ಬೇರಿನ ಮೇಲೆ, ಸ್ಪೋರ್ಟ್ ಕಸಿಯಲ್ಲಿ ಇದ್ದರೆ ನೀವು ಹೋಲಿಸುತ್ತಿರುವುದು ಬೇರುಗಳನ್ನು. ಎರಡನ್ನೂ ಒಂದೇ ಬೇರುಗಿಡದ ಮೇಲೆ, ಒಂದೇ ಅಳತೆಯ ಕುಂಡದಲ್ಲಿ, ಒಂದೇ ತಿಂಗಳು ಶುರುಮಾಡಿ. ಮೊದಲ ಹೂವಿನ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಿಂಕ್‌ಗಳು ಸಾಮಾನ್ಯವಾಗಿ ಬೇಸಿಗೆಯಲ್ಲಿ ತೆಳುವಾಗಿ, ಡಿಸೆಂಬರ್, ಜನವರಿಯಲ್ಲಿ ಗಾಢವಾಗುತ್ತವೆ. ಒಂದು ತಂಪು ಸುಗ್ಗಿ, ಒಂದು ಬಿಸಿ ಸುಗ್ಗಿ, ಒಂದು ಮಳೆಗಾಲ ನೋಡಿದ ಮೇಲೆ ತೀರ್ಮಾನಿಸಿ.

ಸ್ಪೋರ್ಟ್ ಗಿಡದಿಂದ ಕಡ್ಡಿ ತೆಗೆಯುವಾಗ ಸರಿಯಾದ ಬಣ್ಣದ ಹೂ ಈಗಷ್ಟೇ ಬಾಡಿದ ಟೊಂಗೆಯನ್ನೇ ಆರಿಸಿ. ಪೆನ್ಸಿಲ್ ದಪ್ಪ, 15ರಿಂದ 20 ಸೆಂಟಿಮೀಟರ್ ಉದ್ದ, ನಾಲ್ಕು ಗೆಣ್ಣು. ಮೇಲೆ ಎರಡು ಎಲೆ ಬಿಟ್ಟು ಉಳಿದವು ತೆಗೆದು, ಬುಡವನ್ನು ಬೇರು ಬರಿಸುವ ಐಬಿಎ ಪುಡಿಯಲ್ಲಿ ಅದ್ದಿ, ಅರ್ಧ ಮರಳು ಅರ್ಧ ಕೋಕೋಪೀಟ್‌ನಲ್ಲಿ ಎರಡು ಗೆಣ್ಣು ಮುಳುಗುವಂತೆ ನೆಡಿ. ನೆರಳಿನಲ್ಲಿ ಪ್ಲಾಸ್ಟಿಕ್ ಹೊದಿಸಿಟ್ಟರೆ ಆರರಿಂದ ಎಂಟು ವಾರಕ್ಕೆ ಬೇರು. ಚಿಗುರು ಬಂತೆಂದು ಎಳೆದು ನೋಡಬೇಡಿ, ಎಷ್ಟೋ ಸಲ ಬೇರಿಗಿಂತ ಚಿಗುರು ಮೊದಲು ಬರುತ್ತದೆ.

ವಿದೇಶದಿಂದ ಬರುವಾಗ ಸೂಟ್‌ಕೇಸಿನಲ್ಲಿ ಕಡ್ಡಿ ತರುವ ಯೋಚನೆ ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ನಿಮ್ಮದೇ ಗಿಡ ಬಣ್ಣ ಬದಲಿಸಿದರೆ

‘ಕೆಂಪು ಗುಲಾಬಿ ತಂದಿದ್ದೆವು, ಎರಡು ವರ್ಷಕ್ಕೆ ಪಿಂಕ್ ಆಯಿತು’ ಎಂಬ ದೂರು ಬಂದರೆ ಮೊದಲು ಬುಡ ನೋಡಿ. ಹತ್ತರಲ್ಲಿ ಒಂಬತ್ತು ಪಾಲು ಅದು ಸ್ಪೋರ್ಟ್ ಆಗಿರುವುದಿಲ್ಲ. ಕಸಿಗಂಟಿನ ಕೆಳಗಿಂದ ಎಡ್ವರ್ಡ್ ಬೇರುಗಿಡ ಚಿಗುರಿ ಮೇಲಿನ ಗಿಡವನ್ನು ನುಂಗಿರುತ್ತದೆ. ಬೇರುಗಿಡ ಮಲ್ಟಿಫ್ಲೋರಾ ಆಗಿದ್ದರೆ ಒಂದು ಎಲೆಗೆ ಏಳರಿಂದ ಒಂಬತ್ತು ಕಿರುಎಲೆ, ಎಲೆತೊಟ್ಟಿನ ಬುಡದಲ್ಲಿ ಕುಚ್ಚಿನಂಥ ಅಂಚು, ಪುಟ್ಟ ಹೂಗಳ ಗೊಂಚಲು. ಅಂಥದ್ದನ್ನು ಮಣ್ಣು ಸರಿಸಿ ಬುಡದಿಂದ ಎಳೆದು ಕೀಳಬೇಕು, ಕತ್ತರಿಸಿದರೆ ಮತ್ತೆ ಬರುತ್ತದೆ.

ಬದಲಾದ ಹೂ ಕಸಿಗಂಟಿನ ಮೇಲೆ, ಅದೇ ಎಲೆ, ಅದೇ ಮುಳ್ಳಿನ ಟೊಂಗೆಯಲ್ಲಿದ್ದರೆ ಆಗ ಕುತೂಹಲ ಪಡಬಹುದು. ದಾರ ಕಟ್ಟಿ, ಹೂವಿನ ಕೆಳಗಿನ ಎರಡನೇ ಎಲೆಯ ಮೇಲೆ ಕತ್ತರಿಸಿ, ಅದೇ ಟೊಂಗೆ ಮತ್ತೊಮ್ಮೆ ಹೂ ಬಿಡಲು ಬಿಡಿ. ಎರಡನೇ ಸಲವೂ ಹೊಸ ಬಣ್ಣ ಬಂದರೆ ಹವೆಯ ಆಟವಲ್ಲ ಎಂದರ್ಥ. ಅರ್ಧ ಹೂ ಮಾತ್ರ ಬದಲಾಗಿದ್ದರೆ ಬದಲಾದ ಅರ್ಧದ ನೇರ ಕೆಳಗಿರುವ ಕಣ್ಣುಗಳನ್ನೇ ಆರಿಸಿ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ಪೆನ್ಸಿಲ್ ದಪ್ಪದ ಬೇರುಗಿಡದ ತೊಗಟೆಯಲ್ಲಿ ಟಿ ಆಕಾರದ ಸೀಳು ಹಾಕಿ, ಎರಡು ಸೆಂಟಿಮೀಟರ್ ಉದ್ದದ ತೊಗಟೆಯ ಜೊತೆ ಕಣ್ಣು ಕೂರಿಸಿ, ಕಣ್ಣು ಮಾತ್ರ ಹೊರಗಿರುವಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ. ಮೂರು ವಾರಕ್ಕೆ ಕಣ್ಣು ಹಸಿರಾಗಿ ಉಳಿದಿದ್ದರೆ ಕೂಡಿದೆ. ಸಿಕ್ಕಷ್ಟೂ ಕಣ್ಣುಗಳನ್ನು ಕಟ್ಟಿ, ಏಕೆಂದರೆ ಕೆಲವು ತಾಯಿಯ ಬಣ್ಣವನ್ನೇ ಬಿಡುತ್ತವೆ. ಹೊಸ ಬಣ್ಣ ಬಿಟ್ಟವುಗಳಿಂದ ಮತ್ತೆ ಕಣ್ಣು ತೆಗೆದು ಮೂರು ತಲೆಮಾರು ಕಟ್ಟಿದ ಮೇಲೂ ಬಣ್ಣ ನಿಂತರೆ ಹೆಸರಿಡಬಹುದು.